ತೀರಿಕೊಂಡವರೆಲ್ಲ ನೋಡುತ್ತಿದ್ದ ಕಿಟಕಿ

ಏಯ್! ಆಚೆ ಕಡೆ ಫುಟ್‌ಪಾತ್ ಮೇಲೆ ಹೋಗ್ತಿರೋರೇ! ಹೌದು, ನಿಮ್ಮನ್ನೇ ಕರೀತಿರೋದು. ಚೀಲ ಹಿಡ್ಕೊಂಡಿರೋ ಅಕ್ಕ, ಸೈಕಲ್ ತಳ್ಕೊಂಡು ಹೋಗ್ತಿರೋ ಅಣ್ಣ, ಒಂದು ಗಳಿಗೆ ಇತ್ತ ಬನ್ನಿ. ನಿಮ್ಮ ಮನೆ ಗೋಡೆ ಮೇಲೆ ತೀರಿಕೊಂಡವರ ಹಳೇ ಫೋಟೋ ಇದೆಯಾ? ಇದ್ರೆ, ಅದರ ಕಣ್ಣನ್ನ ಯಾವತ್ತಾದ್ರೂ ಹತ್ತಿರದಿಂದ ನೋಡಿದ್ದೀರಾ? ನೋಡಿಲ್ಲ ತಾನೆ? ಹಾಗಾದ್ರೆ ಕೂತ್ಕೊಂಡು ಕೇಳಿ. ಕೇಳಿ ಆದ ಮೇಲೆ ಮನೆಗೆ ಹೋಗಿ ನೋಡಬೇಕೋ ಬೇಡವೋ, ಅದು ನಿಮಗೆ ಬಿಟ್ಟಿದ್ದು.

ಎಲ್ಲರ ಜೇಬಿಗೂ ಕ್ಯಾಮೆರಾ ಬರುವುದಕ್ಕೆ ಮುಂಚಿನ ಮಾತು ಇದು. ಬಸ್ ನಿಲ್ದಾಣದ ಎದುರು, ಔಷಧಿ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಒಂದು ಫೋಟೋ ಸ್ಟುಡಿಯೋ. ಅದರ ಹಿಂದಿನ ಕೋಣೆಯಲ್ಲಿ, ಉತ್ತರದ ಕಿಟಕಿಗೆ ಮೇಜು ಒತ್ತಿಕೊಂಡು, ಒಬ್ಬ ಹೆಂಗಸು ಹದಿನೇಳು ವರ್ಷದಿಂದ ಸತ್ತವರ ಕಣ್ಣು ತೆರೆಸುತ್ತಿದ್ದಳು. ತಮಾಷೆಯಲ್ಲ, ಅದೇ ಅವಳ ಕೆಲಸ. ಬದುಕಿದ್ದಾಗ ಒಂದೂ ಫೋಟೋ ತೆಗೆಸಿಕೊಳ್ಳದವರು ಆಗ ಬೇಕಾದಷ್ಟು ಜನ ಇದ್ದರು. ಅಂಥವರು ಹೋದಾಗ ಮನೆಯವರಿಗೆ ದಿಢೀರನೆ ನೆನಪಾಗುತ್ತಿತ್ತು: ಅಯ್ಯೋ, ಗೋಡೆಗೆ ಹಾಕಲು ಏನೂ ಇಲ್ಲವಲ್ಲ! ಸ್ಟುಡಿಯೋದ ಯಜಮಾನರು ಕ್ಯಾಮೆರಾ ಎತ್ತಿಕೊಂಡು ಓಡುತ್ತಿದ್ದರು. ತಲೆಯನ್ನು ದಿಂಬಿಗೆ ಒರಗಿಸಿ, ಕೂದಲು ಬಾಚಿ, ಒಂದು ಫೋಟೋ. ಮುಖವೇನೋ ಬರುತ್ತಿತ್ತು, ಕಣ್ಣು ಮಾತ್ರ ಮುಚ್ಚಿಯೇ ಇರುತ್ತಿತ್ತು. ಆ ಕಣ್ಣನ್ನು ತೆರೆಸುವುದು ಇವಳ ಪಾಲಿಗೆ. ಹಾಗಾಗಿ ಊರಿಗೆಲ್ಲ ಇವಳು ಕಣ್ಣಕ್ಕ.

ಕಣ್ಣಕ್ಕನ ಹತ್ತಿರ ಮೂರು ಕಾರ್ಡುಗಳಿದ್ದವು, ದೊಡ್ಡದು, ಮಧ್ಯದ್ದು, ಸಣ್ಣದು. ಮೂರರಲ್ಲೂ ಒಂದೇ ಜೊತೆ ಕಣ್ಣನ್ನು ಸೂಜಿಯಿಂದ ಚುಚ್ಚಿ ಚುಚ್ಚಿ ತೂತು ಮಾಡಿತ್ತು. ಮೊದಲು ಫೋಟೋದ ರೆಪ್ಪೆಯನ್ನು ಬ್ಲೇಡಿನ ತುದಿಯಿಂದ ನಯವಾಗಿ ಕೆರೆದು ಬೆಳ್ಳಗೆ ಮಾಡಬೇಕು. ಮೇಲೆ ಕಾರ್ಡು ಇಡಬೇಕು. ಪೆನ್ಸಿಲ್ ಪುಡಿಯಲ್ಲಿ ಅದ್ದಿದ ಹತ್ತಿಯಿಂದ ಅದರ ಮೇಲೆ ಮೆತ್ತಗೆ ತಟ್ಟಬೇಕು. ಕಾರ್ಡು ಎತ್ತಿದರೆ ಒಂದೊಂದು ಕಣ್ಣಿಗೆ ಹದಿನಾಲ್ಕು ಚುಕ್ಕೆ. ಚುಕ್ಕೆ ಸೇರಿಸಿ, ಮಸಿ ತುಂಬಿ, ಗುಡ್ಡೆಯ ಎಡಗಡೆ ಮೇಲ್ಮೂಲೆಯಲ್ಲಿ ಒಂದು ಪುಟ್ಟ ಚೌಕ ಬಿಳಿಯಾಗಿ ಬಿಟ್ಟರೆ ಮುಗಿಯಿತು, ಸತ್ತವರು ಕಣ್ಣು ಬಿಟ್ಟು ನೋಡುತ್ತಿದ್ದರು. ಭೂತಗನ್ನಡಿ ಹಿಡಿದರೆ ಗೊತ್ತಾಗುತ್ತಿತ್ತು, ಆ ಬಿಳಿ ಚೌಕದ ನಡುವೆ ಕೂದಲೆಳೆಯಷ್ಟು ಸಣ್ಣ ಅಡ್ಡ ಗೆರೆ, ಉದ್ದ ಗೆರೆ. ಅದೊಂದು ಕಿಟಕಿ. ಯಾರ ಕಣ್ಣನ್ನು ನೋಡಿ ಆ ಕಾರ್ಡು ಚುಚ್ಚಿದ್ದರೋ, ಅವರು ಆ ಹೊತ್ತಿನಲ್ಲಿ ಯಾವುದೋ ಕಿಟಕಿಯ ಎದುರು ಕೂತಿದ್ದರು.

ಗಂಡಸಾದರೆ ಹುಬ್ಬು ದಪ್ಪ. ವಯಸ್ಸಾದವರಾದರೆ ಕೆಳಗೆ ಎರಡು ಸುಕ್ಕು. ಹೆಂಗಸಾದರೆ ರೆಪ್ಪೆಯ ಕೂದಲು ಸ್ವಲ್ಪ ಉದ್ದ. ಕಣ್ಣು ಮಾತ್ರ ಅದೇ.

"ತೀರಿಕೊಂಡವರು ಎಲ್ರೂ ಒಂದೇ ಥರ ನೋಡೋದು ಕಣಮ್ಮ," ಎಂದು ಯಜಮಾನರು ಮೊದಲ ದಿನವೇ ಹೇಳಿದ್ದರು. "ಒಂದು ಜೊತೆ ಕಲ್ತ್ಕೋ, ಸಾಕು."

ಅವಳಿಗೂ ಅದೇ ಬೇಕಿತ್ತು. ಯಾಕೆಂದರೆ ಬದುಕಿರುವವರ ಮುಖ ಬರೆಯುವುದೆಂದರೆ ಅವಳಿಗೆ ಕೈಕಾಲು ತಣ್ಣಗಾಗುತ್ತಿತ್ತು. ಒಂಬತ್ತು ವರ್ಷದವಳಿದ್ದಾಗ ಚಿಕ್ಕಮ್ಮನನ್ನು ಕೂರಿಸಿಕೊಂಡು ಸೀಮೆಸುಣ್ಣದಲ್ಲಿ ನೆಲದ ಮೇಲೆ ಚಿತ್ರ ಬರೆದಿದ್ದಳು. ಚಿಕ್ಕಮ್ಮ ನಗುತ್ತಾ ಎದ್ದು ನೋಡಿದವಳು ನಗು ನಿಲ್ಲಿಸಿದಳು. "ನನ್ನ ಮುಖದಲ್ಲಿ ಇದೂ ಕಾಣುತ್ತೇನೇ?" ಎಂದು ಕೇಳಿ, ಕಾಲಿನಿಂದಲೇ ಉಜ್ಜಿ ಅಳಿಸಿದಳು. ಆಮೇಲೆ ಒಂದು ತಿಂಗಳು ಮಾತಿಲ್ಲ. ಏನು ಕಂಡಿತೆಂದು ಮಗುವಿಗೆ ಗೊತ್ತಿರಲಿಲ್ಲ, ಕಂಡದ್ದನ್ನು ಬರೆದಿತ್ತು, ಅಷ್ಟೆ. ಅಂದಿನಿಂದ ಅವಳು ಜೀವವಿರುವವರ ಮುಖವನ್ನು ನೆಟ್ಟಗೆ ನೋಡಿ ಮಾತಾಡಿದ್ದೇ ಕಡಿಮೆ, ಗಲ್ಲ ನೋಡಿ ಮಾತಾಡುತ್ತಿದ್ದಳು. ಗಂಡನಿಗೆ ಬೇಕರಿಯಲ್ಲಿ ಒಲೆಯ ಕೆಲಸ, ಇವಳು ಮನೆಗೆ ಬರುವಷ್ಟರಲ್ಲಿ ಅವನಿಗೆ ನಿದ್ದೆ. ಹಾಗಾಗಿ ಇಷ್ಟು ವರ್ಷದ ಸಂಸಾರದಲ್ಲಿ ಅವನ ಮುಚ್ಚಿದ ಕಣ್ಣನ್ನೇ ಹೆಚ್ಚು ನೋಡಿದ್ದಳು. ಅತ್ತೆಯಂತೂ ಇವಳು ಪೆನ್ಸಿಲ್ ಹಿಡಿದರೆ ಸಾಕು, "ನನ್ನ ಕಡೆ ತಿರುಗಬೇಡಮ್ಮ ಮಹರಾಯ್ತಿ, ಹೊಸ ಹಲ್ಲಿನ ಸೆಟ್ಟಿಗೆ ಅಳತೆ ಕೊಟ್ಟು ಬಂದಿದ್ದೀನಿ, ಅದಾದ್ರೂ ಬರಲಿ!" ಎನ್ನುತ್ತಿದ್ದಳು.

ಸತ್ತವರು ತಕರಾರು ಮಾಡುವುದಿಲ್ಲ. ಅವರ ಮನೆಯವರೂ ಮಾಡಿರಲಿಲ್ಲ. ಹದಿನೇಳು ವರ್ಷ ಎಲ್ಲರೂ ಫೋಟೋ ನೋಡಿ ಒಂದೇ ಮಾತು ಹೇಳಿದ್ದರು, "ಥೇಟ್ ನಮ್ಮಪ್ಪಾನೇ!" "ಥೇಟ್ ನಮ್ಮಜ್ಜೀನೇ!"

ಒಂದು ಸೋಮವಾರ ಬೆಳಿಗ್ಗೆ ಟೈಲರ್ ಹುಡುಗಿ ಬಂದಳು. ಹುಡುಗಿ ಎಂದರೆ ಮೂವತ್ತರ ಆಸುಪಾಸು. ತಾಯಿ ಮಗಳು ಇಬ್ಬರೇ, ಒಂದೇ ಕೋಣೆಯಲ್ಲಿ ಎರಡು ಮಿಷನ್ ಹಾಕಿಕೊಂಡು ಹೊಲಿಯುತ್ತಿದ್ದವರು. ತಾಯಿ ಹೋಗಿ ಹದಿನೈದು ದಿನವಾಗಿತ್ತು. ಕಣ್ಣಕ್ಕ ಚೌಕಟ್ಟು ಹಾಕದ ಫೋಟೋವನ್ನು ಕಾಗದ ಬಿಚ್ಚಿ ಮೇಜಿನ ಮೇಲಿಟ್ಟಳು. ಹುಡುಗಿ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಇದು ನಮ್ಮಮ್ಮ ಅಲ್ಲ," ಎಂದಳು.

"ಅಯ್ಯೋ, ಯಾಕಮ್ಮ? ಮೂಗು, ಗಲ್ಲದ ಮಚ್ಚೆ..."

"ಮೂಗು ಅಮ್ಮಂದೇ. ಕಣ್ಣು ಅಲ್ಲ. ಈ ಕಣ್ಣು ಪಕ್ಕದ್ಮನೆ ತಾತನ ಫೋಟೋದಲ್ಲಿದೆ ಅಕ್ಕ. ನಮ್ಮ ಮನೆ ಓನರ್ ಹೆಂಡತಿ ಫೋಟೋದಲ್ಲೂ ಇದೆ. ಅಳತೆ ತಗೊಳ್ಳೋಕೆ ಅಂತ ಹತ್ತು ಮನೆಗೆ ಹೋಗ್ತೀನಿ ನಾನು, ಎಲ್ಲಾರ ಗೋಡೆ ಮೇಲೂ ಇದೇ ಕಣ್ಣು ಕೂತ್ಕೊಂಡು ನನ್ನ ನೋಡ್ತಿರುತ್ತೆ."

ಕಣ್ಣಕ್ಕ ಫೋಟೋವನ್ನು ತನ್ನ ಕಡೆಗೆ ಎಳೆದುಕೊಂಡಳು. ಹುಡುಗಿ ಜಗಳಕ್ಕೆ ಬಂದಿರಲಿಲ್ಲ. ಅವಳ ದನಿ ಇನ್ನೂ ತಗ್ಗಿತು.

"ಬೆಳಿಗ್ಗೆ ಎದ್ದ ತಕ್ಷಣ ಅಮ್ಮನ ಮುಖ ಬರುತ್ತೆ ನಂಗೆ. ಕಣ್ಣು ಬರಲ್ಲ. ಹದಿನೈದೇ ದಿನಕ್ಕೆ ಮರೀತಾ ಇದೆ. ಇದನ್ನ ಗೋಡೆಗೆ ಹಾಕಿದ್ರೆ ಇನ್ಮೇಲೆ ಇದೇ ಬರೋದು. ಆಮೇಲೆ ಅಮ್ಮ ನಿಜವಾಗ್ಲೂ ಹೋದ್ಹಂಗೆ. ಎಲ್ರೂ ನಂದು ಅಮ್ಮನ ಕಣ್ಣೇ ಅಂತಾರೆ. ನನ್ನ ನೋಡಿ ಬರೀರಿ ಅಕ್ಕ. ಶನಿವಾರ ಬೆಳಿಗ್ಗೆ ಬಸ್ಸಿಗೆ ನಮ್ಮಕ್ಕನ ಊರಿಗೆ ಹೋಗ್ತಿದ್ದೀನಿ, ಇನ್ನು ಈ ಕಡೆ ಬರಲ್ಲ."

ಹೇಳಿ ಸ್ಟೂಲಿನ ಮೇಲೆ ಕೂತೇಬಿಟ್ಟಳು. ಕಣ್ಣಕ್ಕ ಪೆನ್ಸಿಲ್ ಎತ್ತಿದಳು, ಅವಳ ಕಡೆ ನೋಡಿದಳು. ಎರಡು ಕಣ್ಣು ಅಲುಗಿದವು, ಮಿಟುಕಿದವು, ಒದ್ದೆಯಾದವು, ಮತ್ತೆ ಇವಳನ್ನೇ ನೋಡಿದವು. ಪೆನ್ಸಿಲ್ ಮೊನೆ ಕಾಗದದ ಮೇಲೆ ಮುರಿಯಿತು. ಮತ್ತೆ ಮರಳು ಕಾಗದಕ್ಕೆ ಉಜ್ಜಿ ಚೂಪು ಮಾಡಿದಳು, ಮತ್ತೆ ಮುರಿಯಿತು. ಮೂರನೇ ಸಲ ಹುಡುಗಿಯೇ ಎದ್ದಳು.

"ಶುಕ್ರವಾರ ಸಂಜೆ ಬರ್ತೀನಿ ಅಕ್ಕ. ಆಗಲಿಲ್ಲ ಅಂದ್ರೆ ಕಣ್ಣು ಮುಚ್ಚಿರೋ ಫೋಟೋನೇ ಕೊಟ್ಬಿಡಿ. ಅದಾದ್ರೂ ಸುಳ್ಳಲ್ಲ."

ಆ ಮಾತು ಕೆನ್ನೆಗೆ ಹೊಡೆದಂತಾಯಿತು. ಮಧ್ಯಾಹ್ನ ಊಟದ ಡಬ್ಬಿ ಹಾಗೇ ಬಿಟ್ಟು ಕಣ್ಣಕ್ಕ ಮೆಟ್ಟಿಲಿಳಿದು, ರಸ್ತೆ ದಾಟಿ, ಬಸ್ ನಿಲ್ದಾಣದಲ್ಲಿ ಪ್ರಯಾಣಿಕರು ಕಾಯುವ ಹಾಲಿಗೆ ಹೋಗಿ ಕೂತಳು. ಗುರುತಿನ ಮುಖ ನೋಡಲಾಗದಿದ್ದರೆ ಗುರುತಿಲ್ಲದ ಮುಖದಿಂದಲೇ ಶುರು ಮಾಡೋಣ ಎಂಬ ಲೆಕ್ಕ. ಬಸ್ಸಿಗೆ ಕಾಯುವವರು ಯಾರೋ, ಎಲ್ಲಿಯವರೋ. ಬಸ್ಸು ಬಂದರೆ ಹೋಗುತ್ತಾರೆ, ತಿಂಗಳು ಮಾತು ಬಿಡುವ ಪ್ರಶ್ನೆಯಿಲ್ಲ.

ಸಣ್ಣ ನೋಟ್‌ಬುಕ್ಕನ್ನು ದಿನಪತ್ರಿಕೆಯ ಮಡಿಕೆಯೊಳಗೆ ಇಟ್ಟುಕೊಂಡು ಬರೆದಳು. ಎದುರಿಗೆ ಕಿತ್ತಳೆ ಸುಲಿಯುತ್ತಿದ್ದ ದಪ್ಪ ಮನುಷ್ಯ. ಟ್ರಂಕಿನ ಮೇಲೆ ಕೂತಿದ್ದ ಹೆಂಗಸು. ಟೈಮ್ ಟೇಬಲ್ ಬೋರ್ಡಿನ ಕೆಳಗೆ ಗೋಡೆಗೊರಗಿ ಒಂದು ಕಾಲಿನ ಮೇಲೆ ನಿಂತಿದ್ದ ಸಿಪಾಯಿ. ಬೆನ್ನು ಬಂತು, ತೋಳು ಬಂತು, ಕಿತ್ತಳೆಯ ಸಿಪ್ಪೆಯೂ ಬಂತು. ಒಂದು ಗಂಟೆಯಲ್ಲಿ ಏಳು ಜನ. ಪರವಾಗಿಲ್ಲವೇ ಎಂದುಕೊಂಡು ಸ್ಟುಡಿಯೋಗೆ ಹಿಂತಿರುಗಿ, ಮೇಜಿನ ಮೇಲೆ ನೋಟ್‌ಬುಕ್ ಬಿಚ್ಚಿದಳು.

ಏಳೂ ಜನ ಅವಳನ್ನೇ ನೋಡುತ್ತಿದ್ದರು.

ಹಾಲಿನಲ್ಲಿ ಒಬ್ಬರೂ ಅವಳನ್ನು ನೋಡಿರಲಿಲ್ಲ. ಕಿತ್ತಳೆಯವನು ಕಿತ್ತಳೆ ನೋಡುತ್ತಿದ್ದ, ಸಿಪಾಯಿ ಬಸ್ಸು ಬರುವ ದಾರಿ ನೋಡುತ್ತಿದ್ದ. ಕಾಗದದ ಮೇಲೆ ಏಳು ಮುಖದಲ್ಲೂ ಅದೇ ಜೊತೆ ಕಣ್ಣು, ಅದೇ ನೇರ ನೋಟ. ಭೂತಗನ್ನಡಿ ಹಿಡಿದಳು. ಗೆರೆಯ ಕೆಳಗೆ ಸಣ್ಣ ಸಣ್ಣ ಚುಕ್ಕೆಗಳು. ಎಣಿಸಿದಳು, ಹದಿನಾಲ್ಕು. ಕಾರ್ಡು ಮೇಜಿನ ಡ್ರಾಯರಿನಲ್ಲಿತ್ತು, ಡ್ರಾಯರಿಗೆ ಬೀಗ ಹಾಕಿತ್ತು. ಆದರೂ ಅವಳ ಕೈ ಅವಳಿಗೆ ಗೊತ್ತಿಲ್ಲದಂತೆ ಮೊದಲು ಚುಕ್ಕೆ ಇಟ್ಟು ಆಮೇಲೆ ಸೇರಿಸಿತ್ತು. ಒಂದೊಂದು ಕಣ್ಣಲ್ಲೂ ಎಡಗಡೆ ಮೇಲ್ಮೂಲೆಯಲ್ಲಿ ಪುಟ್ಟ ಚೌಕ. ಕಾಯುವ ಹಾಲಿಗೆ ಕಿಟಕಿಯೇ ಇಲ್ಲ.

ನೋಟ್‌ಬುಕ್ ಮುಚ್ಚಿ ಅದರ ಮೇಲೆ ಮಸಿಯ ಬಾಟಲಿ ಇಟ್ಟಳು, ತೆರೆದುಕೊಂಡುಬಿಡುತ್ತದೇನೋ ಎಂಬಂತೆ.

ಮಂಗಳವಾರ ಮತ್ತೆ ಹೋದಳು. ಈ ಸಲ ಬೇಕೆಂದೇ ಕಣ್ಣಿನಿಂದ ಶುರು ಮಾಡಿದಳು. ಕೈ ಚುಕ್ಕೆ ಇಡಲು ಹೋದಾಗಲೆಲ್ಲ ಎಡಗೈಯಿಂದ ಮಣಿಕಟ್ಟು ಹಿಡಿದುಕೊಂಡಳು. ನೋಡುವವರಿಗೆ ಅದು ಹೇಗೆ ಕಂಡಿರಬೇಕು ಹೇಳಿ! ಪಕ್ಕದಲ್ಲಿದ್ದ ಹೆಂಗಸು ಕತ್ತು ಚಾಚಿ ನೋಡಿ, ಮುಖ ನೋಡಿ, ಗುರುತು ಹಿಡಿದಳು.

"ಏ, ಇವಳು ಕಣ್ಣಕ್ಕ ಅಲ್ವಾ? ಫೋಟೋದೋಳು?"

"ಯಾರನ್ನ ಬರೀತಿದ್ದಾಳೆ?"

"ನಿನ್ನನ್ನೇ ಇರಬೇಕು, ಆಗಿಂದ ನಿನ್ನ ಕಡೆನೇ ನೋಡ್ತಿದ್ಲು."

"ಥೂ, ಬಿಡ್ತು ಅನ್ನು!"

ಎರಡು ನಿಮಿಷದಲ್ಲಿ ಎದುರಿನ ಬೆಂಚು ಖಾಲಿ. ಆಮೇಲೆ ಪಕ್ಕದ ಬೆಂಚು. ಒಬ್ಬ ಹೆಂಗಸು ಹೋಗುವಾಗ ಕೈಮುಗಿದೇ ಹೋದಳು, "ನಂದು ಮಾತ್ರ ಬೇಡ ತಾಯಿ, ಮಗಳದು ಈ ತಿಂಗಳು ಹೆರಿಗೆ ಇದೆ." ಜನರೆಲ್ಲ ಹೊರಗೆ ಬಿಸಿಲಿನಲ್ಲಿ ನಿಂತು, ಬಾಗಿಲಿನ ಕಂಬಿಗಳ ಸಂದಿಯಿಂದ ಇವಳನ್ನು ನೋಡುತ್ತಿದ್ದರು. ಅಷ್ಟು ದೊಡ್ಡ ಹಾಲಿನಲ್ಲಿ ಇವಳೊಬ್ಬಳೇ. ಮೇಲೆ ಫ್ಯಾನು ತಿರುಗುವ ಸದ್ದು. ಟಿಕೆಟ್ ಗುಮಾಸ್ತ ಗೂಡಿನಿಂದ ಕೂಗಿದ, "ಕಣ್ಣಕ್ಕಾ, ನೀವು ದಿನಾ ಹಿಂಗೆ ಬಂದು ಕೂತ್ರೆ ನಾನು ಗೂಡು ಮುಚ್ಚಿ ಮನೆಗೆ ಹೋಗ್ಬೋದು! ಅರ್ಧ ಜನ ನಡ್ಕೊಂಡೇ ಊರು ಸೇರೋ ಹಂಗಿದ್ದಾರೆ."

ಅವನು ನಕ್ಕ. ಆದರೆ ಗೂಡಿನ ಸಣ್ಣ ಬಾಗಿಲನ್ನು ಅರ್ಧ ಎಳೆದುಕೊಂಡ. ಅವನ ಮುಖವೂ ಮರೆಯಾಯಿತು.

ಬುಧವಾರ ಹೋಗುವುದೋ ಬೇಡವೋ ಎಂದು ಮೆಟ್ಟಿಲ ಮೇಲೆ ನಿಂತು ಯೋಚಿಸಿದಳು. ಹೋಗದಿದ್ದರೆ ಶುಕ್ರವಾರ ಆ ಹುಡುಗಿಗೆ ಮುಚ್ಚಿದ ಕಣ್ಣನ್ನೇ ಕೊಡಬೇಕು. ಹೋದಳು. ಬೆಂಚುಗಳೆಲ್ಲ ಅವಳಿಗಾಗಿಯೇ ಎಂಬಂತೆ ಖಾಲಿಯಾದವು. ಒಬ್ಬ ಮುದುಕ ಮಾತ್ರ ಏಳಲಿಲ್ಲ. ನಿಲ್ದಾಣದ ಗೇಟಿನ ಬಳಿ ಬೀಗ ರಿಪೇರಿ ಮಾಡುವವನು, ಸೊಂಟದ ತುಂಬ ಕೀಲಿಗೊಂಚಲು. ಎದ್ದು ಬಂದು ಎದುರಿಗೇ ಕೂತ.

"ಬರಿ ನನ್ನನ್ನ. ಎಪ್ಪತ್ತೆಂಟಾಯ್ತು. ಬರೆದ್ರೂ ಹೋಗ್ತೀನಿ, ಬರೀದಿದ್ರೂ ಹೋಗ್ತೀನಿ. ಬರೆಸ್ಕೊಂಡೇ ಹೋಗೋಣ."

ಕಣ್ಣಕ್ಕ ಬರೆದಳು. ಬೋಳುತಲೆ, ದೊಡ್ಡ ಕಿವಿ, ಕುಳಿಬಿದ್ದ ಕೆನ್ನೆ. ಕಣ್ಣಿಗೆ ಬರುತ್ತಲೇ ಕೈ ತಾನಾಗಿಯೇ ಓಡಿತು, ತಡೆಯುವಷ್ಟರಲ್ಲಿ ಆಗಿಹೋಗಿತ್ತು. ಮುದುಕ ನೋಟ್‌ಬುಕ್ ಕಿತ್ತುಕೊಂಡು ದೂರ ಹಿಡಿದು ನೋಡಿದ.

"ಇದು ನಾನಲ್ಲ. ನಮ್ಮಣ್ಣ."

"ನಿಮ್ಮಣ್ಣನ ಫೋಟೋ ನಮ್ಮಲ್ಲೇ ಮಾಡಿಸಿದ್ರಾ ತಾತ?" ಎಂದು ಕೇಳಿದಳು. ಕೇಳುವಾಗಲೇ ಉತ್ತರ ಗೊತ್ತಿತ್ತು.

"ಹನ್ನೊಂದು ವರ್ಷ ಆಯ್ತು. ಹಾಸಿಗೆ ಎದುರಿಗೇ ಹಾಕ್ಕೊಂಡಿದ್ದೀನಿ. ಕನಸಲ್ಲೂ ಹಿಂಗೇ ಬರ್ತಾನೆ, ಹಿಂಗೇ ನೋಡ್ತಾನೆ. ನೆಟ್ಟಗೆ..." ಮುದುಕ ತಡವರಿಸಿದ. ಬಾಯಿ ಅರ್ಧ ತೆರೆದೇ ಇತ್ತು. "ನೆಟ್ಟಗೆ ಹೆಂಗೆ ನೋಡ್ತಾನೆ? ಅವನಿಗೆ ಮೆಳ್ಳೆಗಣ್ಣಿತ್ತಲ್ಲ!"

ಹೊರಗೆ ಯಾವುದೋ ಬಸ್ಸು ಹಾರ್ನ್ ಹಾಕಿ ಹೊರಟಿತು. ಮುದುಕನಿಗೆ ಕೇಳಿಸಲಿಲ್ಲ.

"ಮೆಳ್ಳೆಗಣ್ಣ ಅಂತಾನೇ ಕರೀತಿದ್ವಿ ಅವನನ್ನ. ಚಿಕ್ಕಂದಿನಲ್ಲಿ ಅದಕ್ಕೇ ಹೊಡೆದಾಡಿದ್ದೀವಿ. ಹನ್ನೊಂದು ವರ್ಷ ದಿನಾ ಆ ಫೋಟೋ ನೋಡಿದ್ದೀನಿ, ಒಂದಿನಾನೂ ಹೊಳೀಲಿಲ್ವಲ್ಲ ನಂಗೆ! ಯಾವಾಗ ನೆಟ್ಟಗಾಯ್ತು ಅವನ ಕಣ್ಣು?"

ಇಷ್ಟು ದಿನ ಕಣ್ಣಕ್ಕ ಗೋಡೆಯ ಮೇಲಿನ ಕಣ್ಣನ್ನು ಮಾತ್ರ ಬದಲಾಯಿಸುತ್ತಿದ್ದೇನೆ ಎಂದುಕೊಂಡಿದ್ದಳು.

"ಯಾವ ಕಣ್ಣು ತಾತ?" ಎಂದು ಪಿಸುಗುಟ್ಟಿದಳು. "ಎಡಗಣ್ಣೋ, ಬಲಗಣ್ಣೋ? ಹೇಳಿ, ನಾನು ಸರಿ ಮಾಡಿ ಕೊಡ್ತೀನಿ."

"ಎಡ..." ಎಂದ ಮುದುಕ. "ಅಲ್ಲ. ಬಲಗಣ್ಣು. ಇರು." ಅವನು ಅಣ್ಣನನ್ನು ತನ್ನ ಮುಖದಲ್ಲಿ ಹುಡುಕತೊಡಗಿದ. ಒಂದು ಕಣ್ಣನ್ನು ಮೂಗಿನ ಕಡೆ ತಿರುಗಿಸಿ ನೋಡಿದ, ಮತ್ತೊಂದನ್ನು ತಿರುಗಿಸಿದ. ಕೈಯಿಂದ ಒಂದು ಕಣ್ಣು ಮುಚ್ಚಿಕೊಂಡ. ಇಲ್ಲ, ಬರಲಿಲ್ಲ. ಎಲ್ಲ ಬೀಗವನ್ನೂ ಕಣ್ಣುಮುಚ್ಚಿ ತೆರೆಯುವ ಮನುಷ್ಯ ಒಂದು ಖಾಲಿ ಬೆಂಚಿನ ಮೇಲೆ ಕೂತು, ಸತ್ತ ಅಣ್ಣನ ಕಣ್ಣು ಯಾವ ಕಡೆಗೆ ತಿರುಗಿತ್ತೆಂದು ತಡಕಾಡುತ್ತಿದ್ದ.

ಅವಳು ಅವನನ್ನು ನೋಡುತ್ತಲೇ ಇದ್ದಳು. ಮುಖ ತಿರುಗಿಸಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಮೊದಲ ಸಲ ಕಂಡಿತು: ಕಪ್ಪು ಗುಡ್ಡೆಯ ಸುತ್ತ ಬೂದು ಬಣ್ಣದ ತೆಳ್ಳನೆಯ ಬಳೆ. ಕೆಳಗಿನ ರೆಪ್ಪೆಯಲ್ಲಿ ಎರಡೇ ಎರಡು ಕೂದಲು. ಒಳಮೂಲೆಯಲ್ಲಿ ನಿಂತ ನೀರು. ಆ ನೀರಿನಲ್ಲಿ ಚೌಕದ ಕಿಟಕಿಯಿರಲಿಲ್ಲ. ಹಾಲಿನ ಉದ್ದನೆಯ ಬಾಗಿಲಿತ್ತು, ಬಾಗಿಲಿನಲ್ಲಿ ಉಗುರಿನ ಚೂರಿಗಿಂತ ಸಣ್ಣ ಸಣ್ಣ ಜನ ಅತ್ತಿಂದಿತ್ತ ಓಡಾಡುತ್ತಿದ್ದರು. ಕಣ್ಣಕ್ಕ ನೋಟ್‌ಬುಕ್ ವಾಪಸ್ ತೆಗೆದುಕೊಂಡಳು. ಮೊದಲು ಆ ಬಾಗಿಲು ಬರೆದಳು. ಆಮೇಲೆ ಅದರ ಸುತ್ತ ನೀರು, ನೀರಿನ ಸುತ್ತ ಗುಡ್ಡೆ, ಕೊನೆಗೆ ರೆಪ್ಪೆ. ಅವನು ಅಲುಗಿದ, ಅವಳೂ ಅವನ ಜೊತೆ ಅಲುಗಿದಳು. ಗೆರೆ ಎರಡೆರಡಾಯಿತು, ಒಂದು ಕಣ್ಣು ಇನ್ನೊಂದಕ್ಕಿಂತ ದೊಡ್ಡದಾಯಿತು. ಇರಲಿ ಎಂದುಕೊಂಡಳು.

ಮುದುಕ ನೋಡಿ, "ಹೂಂ, ಇದು ನಾನು," ಎಂದ. ಸಂತೋಷವೇನೂ ಇರಲಿಲ್ಲ ದನಿಯಲ್ಲಿ. "ಎಷ್ಟು ಹೆದ್ರಿದ್ದೀನಲ್ಲ."

ಅಂದು ಚಿಕ್ಕಮ್ಮ ಕಾಲಿನಿಂದ ಉಜ್ಜಿದ ಹಾಗೆ ಇವನೂ ಅಳಿಸುತ್ತಾನೆಂದು ಅವಳು ಕಾಯುತ್ತಿದ್ದಳು. ಮುದುಕ ಹಾಳೆ ಹರಿಯಲಿಲ್ಲ. ಕೀಲಿಗೊಂಚಲು ಸರಿಮಾಡಿಕೊಂಡು, "ಅಣ್ಣಂದು ನೆನಪಾದ್ರೆ ಬಂದು ಹೇಳ್ತೀನಿ ಕಣವ್ವ," ಎಂದು ಎದ್ದುಹೋದ.

ಅವಳು ನೇರ ಯಜಮಾನರ ಹತ್ತಿರ ಬಂದಳು. ಅವರು ಕತ್ತಲೆ ಕೋಣೆಯಿಂದ ಹೊರಬಂದು ಕೈ ಒರೆಸಿಕೊಳ್ಳುತ್ತಿದ್ದರು.

"ಯಜಮಾನ್ರೇ, ಆ ಕಾರ್ಡಿನ ಕಣ್ಣು ಯಾರದು?"

"ಇದೇನು ಹದಿನೇಳು ವರ್ಷ ಆದ್ಮೇಲೆ?"

"ಹೇಳಿ."

"ನಂಗೇನು ಗೊತ್ತು? ನಂಗೆ ಕೆಲಸ ಕಲಿಸಿದವರು ಕೊಟ್ರು. ಅವರಿಗೆ ಇನ್ಯಾರೋ ಕೊಟ್ಟಿದ್ರಂತೆ. ಸವೆದ್ಹಂಗೆಲ್ಲ ಹೊಸ ಕಾರ್ಡಿಗೆ ಚುಚ್ಕೊಂಡು ಬಂದ್ವಿ." ಯಜಮಾನರು ಗೋಡೆಯ ಕಡೆ ನೋಡಲಿಲ್ಲ. ಅಲ್ಲಿ ಅವರ ತಂದೆಯ ಫೋಟೋ ಇತ್ತು. "ನಮ್ಮಪ್ಪಂದಕ್ಕೂ ಅದನ್ನೇ ಹಾಕ್ದೆ. ಮೊದಮೊದಲು ಗೊತ್ತಾಗ್ತಿತ್ತು, ಇದು ಅಪ್ಪನ ಕಣ್ಣಲ್ಲ ಅಂತ. ಆಮೇಲೆ ಗೊತ್ತಾಗೋದು ನಿಂತೋಯ್ತು. ಒಳ್ಳೇದೇ ಅಲ್ವೇನಮ್ಮ?"

ಅವಳು ಗೋಡೆಯ ಮೇಲಿನ ಆ ಫೋಟೋವನ್ನೇ ನೋಡಿದಳು.

ಗುರುವಾರ ಬೆಳಿಗ್ಗೆಯೇ ರಜೆ ಹೇಳಿ ನಿಲ್ದಾಣಕ್ಕೆ ಹೋದಳು. ಈ ಸಲ ದಿನಪತ್ರಿಕೆಯ ಮರೆ ಇಟ್ಟುಕೊಳ್ಳಲಿಲ್ಲ. ಎದ್ದುಹೋಗುವವರು ಎದ್ದುಹೋದರು, ಅವರ ಎದ್ದುಹೋಗುವ ಮುಖವನ್ನೇ ಬರೆದಳು. ಭಯಬಿದ್ದ ಕಣ್ಣುಗಳು ಎಷ್ಟು ಬೇರೆ ಬೇರೆ ಅಂತೀರಿ! ಒಬ್ಬಳದು ಅಗಲವಾಗುತ್ತಿತ್ತು, ಒಬ್ಬನದು ಸಣ್ಣದಾಗುತ್ತಿತ್ತು, ಒಬ್ಬನದು ಒಂದೇ ಕಣ್ಣು ಹೆದರುತ್ತಿತ್ತು, ಇನ್ನೊಂದು ನಗುತ್ತಿತ್ತು. ಟಿಕೆಟ್ ಗುಮಾಸ್ತನ ಗೂಡಿನ ಮುಂದೆ ನಿಂತು ಅರ್ಧ ಬಾಗಿಲಿನ ಸಂದಿಯಲ್ಲಿ ಕಂಡಷ್ಟನ್ನೇ ಬರೆದಳು. "ಅಯ್ಯೋ ಬೇಡ ಕಣಕ್ಕ!" ಎನ್ನುತ್ತಲೇ ಅವನು ಕಾಲರ್ ಸರಿಮಾಡಿಕೊಂಡ. ಮಧ್ಯೆ ಮಧ್ಯೆ ಕೈ ಹಳೇ ಚಾಳಿಗೆ ಬೀಳುತ್ತಿತ್ತು. ಆಗ ಪುಟದಿಂದ ಕಾರ್ಡಿನ ಕಣ್ಣು ಅವಳನ್ನು ನೋಡುತ್ತಿತ್ತು, ಹತ್ತು ಜನರ ನಡುವೆ ತೆಪ್ಪಗೆ ಬಂದು ನಿಂತ ಹನ್ನೊಂದನೆಯವರ ಹಾಗೆ. ಅವಳು ಅದನ್ನು ಅಳಿಸದೆ ಮುಂದಿನವರನ್ನು ಬರೆಯುತ್ತಿದ್ದಳು. ಸಂಜೆಯ ಹೊತ್ತಿಗೆ ನಲವತ್ತು ಮುಖವಾಗಿತ್ತು. ಅರ್ಧಕ್ಕರ್ಧ ಸೊಟ್ಟ. ಆದರೆ ಅವರೆಲ್ಲ ತಮ್ಮ ತಮ್ಮ ಬಸ್ಸನ್ನೇ ನೋಡುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಮೂರಕ್ಕೇ ಟೈಲರ್ ಹುಡುಗಿ ಬಂದಳು. ಕಣ್ಣಕ್ಕ ಅವಳನ್ನು ಕಿಟಕಿಯ ಪಕ್ಕ ಕೂರಿಸಿ, ಗಲ್ಲ ಬಿಟ್ಟು ಕಣ್ಣನ್ನೇ ನೋಡಿದಳು. ನಾಲ್ಕು ಸಲ ಬರೆದಳು. ಹುಡುಗಿ ಮಿಟುಕಿಸಿದಳು, ಸೀನಿದಳು, ಒಂದು ಸಲ ಅತ್ತಳು. ಬರೆಯುತ್ತಾ ಬರೆಯುತ್ತಾ ಕಣ್ಣಕ್ಕ ಕೇಳಿದಳು, "ಅಮ್ಮ ನಿನ್ನ ಬೈಯುವಾಗ ಹೆಂಗೆ ನೋಡ್ತಿದ್ರು?"

"ಅಮ್ಮ ಬೈತಾನೇ ಇರಲಿಲ್ಲ. ಸುಮ್ನೆ ನೋಡ್ತಿದ್ಲು. ಅದೇ ಸಾಕಾಗ್ತಿತ್ತು."

"ಒಂದು ಕಣ್ಣು ಸಣ್ಣ ಮಾಡ್ತಿದ್ರಾ?"

ಹುಡುಗಿ ಬೆಚ್ಚಿದಳು. "ನಿಮಗೆ ಹೆಂಗೆ ಗೊತ್ತಾಯ್ತು?"

"ನೀನು ಈಗ ಹಂಗೇ ಮಾಡಿದೆ. ದಾರ ಪೋಣಿಸಿ ಪೋಣಿಸಿ ಎಡಗಣ್ಣು ಸಣ್ಣ ಆಗಿರುತ್ತೆ. ಅಮ್ಮ ಬೆಳಕು ಯಾವ ಕಡೆ ಇಟ್ಕೊಂಡು ಕೂರ್ತಿದ್ರು?"

"ಮಿಷನ್ನಿನ ಬಲ್ಬು. ಬಲಗಡೆ, ಕೆಳಗೆ."

ಕಣ್ಣಕ್ಕ ಬ್ಲೇಡು ತೆಗೆದುಕೊಂಡಳು. ಯಜಮಾನರು ಬಾಗಿಲಲ್ಲಿ ನಿಂತು, "ಬೇಡ ಕಣಮ್ಮ, ಕಾಗದ ತೂತು ಬಿದ್ರೆ ಹಳೇ ಕಣ್ಣೂ ಹೋಯ್ತು, ಹೊಸ ಕಣ್ಣೂ ಹೋಯ್ತು," ಎಂದರು. ಅವಳು ಕೆರೆದಳು. ಮಸಿ ಪುಡಿಪುಡಿಯಾಗಿ ಎದ್ದುಬಂತು. ಎಡಗಣ್ಣು ಹೋಯಿತು, ಬಲಗಣ್ಣು ಹೋಯಿತು. ಕಣ್ಣಿನ ಜಾಗದಲ್ಲಿ ಎರಡು ಬಿಳಿ ಗಾಯ ಇಟ್ಟುಕೊಂಡು ತಾಯಿ ಮೇಜಿನ ಮೇಲೆ ಮಲಗಿದ್ದಳು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಬೇರೆ ಕಡೆ ತಿರುಗಿದಳು. ಡ್ರಾಯರಿನಲ್ಲಿ ಕಾರ್ಡಿತ್ತು, ಎರಡು ನಿಮಿಷದ ಕೆಲಸ. ಕಣ್ಣಕ್ಕ ಡ್ರಾಯರಿಗೆ ಬೆನ್ನು ಮಾಡಿ ಕುರ್ಚಿ ತಿರುಗಿಸಿಕೊಂಡು ಕೂತಳು.

ಮೊದಲು ಬಲ್ಬು. ಬಲಗಡೆ, ಕೆಳಗೆ, ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ. ಅಲ್ಲಿಂದ ಹೊರಕ್ಕೆ. ಪಕ್ಕದಲ್ಲಿ ಮಗಳ ನಾಲ್ಕು ಚಿತ್ರ, ಮುಂದೆ ಮುಚ್ಚಿದ ರೆಪ್ಪೆಯ ಮೂಲ ಫೋಟೋ. ಮಗಳ ನೋಟವನ್ನು ತಗ್ಗಿಸಿ, ವಯಸ್ಸು ತುಂಬಿ, ಎಡಗಣ್ಣನ್ನು ಸ್ವಲ್ಪ ಸಣ್ಣ ಮಾಡಿ ಬರೆದಳು. ಹೀಗೇ ಎರಡು ಗಂಟೆ ಹೋಯಿತು. ಕೆಳಗೆ ಔಷಧಿ ಅಂಗಡಿಯವನು ಶಟರ್ ಅರ್ಧ ಎಳೆದ ಸದ್ದು ಬಂತು.

ಮುಗಿದ ಮೇಲೆ ಕಣ್ಣಕ್ಕ ಫೋಟೋವನ್ನು ಎತ್ತಿ ಗೋಡೆಗೆ ಒರಗಿಸಿ ನಿಲ್ಲಿಸಿದಳು. "ನೋಡಮ್ಮ," ಎಂದಳು.

ಹುಡುಗಿ ತಿರುಗಿದಳು. ತಿರುಗಿದವಳು ಅಲ್ಲೇ ನಿಂತಳು. ಚೆನ್ನಾಗಿದೆ ಎನ್ನಲಿಲ್ಲ, ಥೇಟ್ ಅಮ್ಮ ಎನ್ನಲಿಲ್ಲ. ಬಾಗಿದ್ದ ಬೆನ್ನು ಮೆಲ್ಲಗೆ ನೆಟ್ಟಗಾಯಿತು. ಬಲಗೈ ತಾನಾಗಿಯೇ ಎಡತೋಳಿನ ಅಂಚಿಗೆ ಹೋಯಿತು. ಅಲ್ಲಿ ಹೊಲಿಗೆ ಬಿಟ್ಟು ದಾರ ಜೋತಾಡುತ್ತಿತ್ತು. ಅದನ್ನು ಬೆರಳಿನಿಂದ ಮುಚ್ಚಿಕೊಂಡು, ಫೋಟೋದ ಕಡೆ ನೋಡುತ್ತಾ, ಚಿಕ್ಕ ಮಗುವಿನ ದನಿಯಲ್ಲಿ ಹೇಳಿದಳು, "ಹೂಂ ಅಮ್ಮ. ಮನೆಗೆ ಹೋದ ತಕ್ಷಣ ಹೊಲ್ಕೋತೀನಿ."

ಯಜಮಾನರು ಒಂದು ಹೆಜ್ಜೆ ಹಿಂದೆ ಸರಿದರು. ಆ ಫೋಟೋ ಅವರನ್ನಾಗಲಿ, ಕಣ್ಣಕ್ಕನನ್ನಾಗಲಿ ನೋಡುತ್ತಿರಲಿಲ್ಲ. ಅದು ಆ ತೋಳಿನ ಅಂಚನ್ನೇ ನೋಡುತ್ತಿತ್ತು.

"ಕಾಗದ ಸುತ್ತಲಾ?" ಎಂದು ಕಣ್ಣಕ್ಕ ಕೇಳಿದಳು.

"ಬೇಡ ಅಕ್ಕ," ಎಂದಳು ಹುಡುಗಿ. "ಹಂಗೇ ಎತ್ಕೊಂಡು ಹೋಗ್ತೀನಿ." ಫೋಟೋವನ್ನು ಎದೆಗಾನಿಸಿ, ಮುಖ ಹೊರಗೆ ಮಾಡಿ ಹಿಡಿದುಕೊಂಡು ಮೆಟ್ಟಿಲಿಳಿದಳು. ರಸ್ತೆಯಲ್ಲಿ ಎದುರು ಬಂದವರು ದಾರಿ ಬಿಟ್ಟು ಪಕ್ಕಕ್ಕೆ ನಿಂತಿದ್ದು ಸ್ಟುಡಿಯೋದ ಮುಂದಿನ ಕಿಟಕಿಯಿಂದ ಕಾಣುತ್ತಿತ್ತು. ಒಬ್ಬಿಬ್ಬರು ಸುಮ್ಮನೆ ತಮ್ಮ ಬಟ್ಟೆ ಸರಿಮಾಡಿಕೊಂಡರು.

ಕಣ್ಣಕ್ಕ ಕುಂಚ ತೊಳೆದು, ಚೀಲ ಹೆಗಲಿಗೆ ಹಾಕಿಕೊಂಡು ಮನೆಯ ಬಸ್ಸು ಹತ್ತಿದಳು. ಇನ್ನೂ ಸ್ವಲ್ಪ ಬೆಳಕಿತ್ತು. ಡ್ರೈವರ್ ಹಿಂದಿನ ಸೀಟು ಸಿಕ್ಕಿತು. ಅವನ ತಲೆಯ ಮೇಲೆ ಉದ್ದನೆಯ ಕನ್ನಡಿ. ಅದರಲ್ಲಿ ಅವನ ಹಣೆಯೂ ಇಲ್ಲ, ಮೂಗೂ ಇಲ್ಲ, ಬರೀ ಎರಡು ಕಣ್ಣು. ರಸ್ತೆ ನೋಡಿದವು, ಪಕ್ಕದ ಲಾರಿ ನೋಡಿದವು, ಹಿಂದಿನ ಜನ ನೋಡಿದವು, ಆಕಳಿಕೆ ಬಂದು ಮುಚ್ಚಿದವು, ತೆರೆದವು. ಯಾರೂ ಬರೆ ಎಂದು ಹೇಳಿರಲಿಲ್ಲ. ಅವಳು ನೋಟ್‌ಬುಕ್ ತೆಗೆದಳು.

ಎಷ್ಟೋ ಹೊತ್ತಿನ ಮೇಲೆ ಕನ್ನಡಿಯ ಕಣ್ಣುಗಳು ಅವಳ ಮೇಲೆ ನಿಂತವು.

"ಯಾಕಕ್ಕ, ಇವತ್ತು ಇಳಿಯಲ್ವಾ? ನಿಮ್ಮ ಸ್ಟಾಪ್ ಹಿಂದೇನೇ ಹೋಯ್ತು."

"ಒಂದು ನಿಮಿಷ ಇರಪ್ಪ," ಎಂದಳು ಅವಳು, ಕಣ್ಣು ತೆಗೆಯದೆ. "ಎಡಗಡೇದು ಇನ್ನೊಂದು ಸ್ವಲ್ಪ ಇದೆ."

ಮುಂದಿನ ಸ್ಟಾಪಿನಲ್ಲಿ ಇಳಿದು, ನೋಟ್‌ಬುಕ್ಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬಂದ ದಾರಿಯಲ್ಲೇ ಮನೆಯ ಕಡೆ ವಾಪಸ್ ನಡೆದಳು.